ಸ್ಪ್ಯಾನಿಷ್ ಕ್ರಿಯಾಪದ: ಬಾಯಿಗೆ ಬಂದ ಎರಡರಲ್ಲಿ ಯಾವುದನ್ನು ಹೇಳೋದು?

ನಾನು ಮೆಕ್ಸಿಕೊದ ಗುವಾದಲಹಾರಾಕ್ಕೆ ಬಂದ ಮೊದಲ ತಿಂಗಳ ಮಾತು. ಇಲ್ಲಿ ಅಡುಗೆ ಗ್ಯಾಸ್ ಲಾರಿ ಬೀದಿ ಬೀದಿ ಸುತ್ತುತ್ತದೆ, ಕೂಗು ಕೇಳಿದವರು ಹೊರಗೆ ಬಂದು ನಿಲ್ಲಿಸಿ ಸಿಲಿಂಡರ್ ತಗೋಬೇಕು. ನಮ್ಮ ಮನೆಯಲ್ಲಿ ಗ್ಯಾಸ್ ಖಾಲಿಯಾಗಿತ್ತು. ಕೆಳಗಿನ ಮನೆಯ ಓನರ್ ಅಜ್ಜಿ "ಗ್ಯಾಸ್ ಬಂತು" ಅಂತ ಕೂಗಿದರು. "ಬಂದೆ, ಬಂದೆ" ಅನ್ನಬೇಕಿತ್ತು. ನನಗೆ ಗೊತ್ತಿದ್ದ ಸ್ಪ್ಯಾನಿಷ್‌ನಲ್ಲಿ "ಆಒರಿತಾ ಬೆಂಗೊ" ಅಂತ ಕೂಗಿದೆ. ಆಒರಿತಾ ಅಂದರೆ ಈಗ, ಬೆಂಗೊ ಅಂದರೆ ಬರ್ತೀನಿ. ದುಡ್ಡು ಹುಡುಕಿ, ಚಪ್ಪಲಿ ಮೆಟ್ಟಿಕೊಂಡು ಇಳಿಯುವಷ್ಟರಲ್ಲಿ ಲಾರಿ ಹೋಗಿಬಿಟ್ಟಿತ್ತು. ಅಜ್ಜಿಯದು ಏನೂ ತಪ್ಪಿಲ್ಲ. "ಆಒರಿತಾ ಬೆಂಗೊ" ಅಂದರೆ ಇಲ್ಲಿಯವರಿಗೆ "ಸ್ವಲ್ಪ ಹೊರಗೆ ಹೋಗಿ ಬಂದುಬಿಡ್ತೀನಿ" ಅಂತ. ಇವಳು ಎಲ್ಲಿಗೋ ಹೊರಟಿದ್ದಾಳೆ ಅಂದುಕೊಂಡು ಅವರೇ ಲಾರಿಯವನನ್ನು ಕಳಿಸಿದ್ದರು. ನಾನು ಹೇಳಬೇಕಾಗಿದ್ದು ಎರಡೇ ಪದ: "ಯಾ ಬೊಯ್". ಅಕ್ಷರಕ್ಕೆ ಅಕ್ಷರ ಹಿಡಿದರೆ "ಇಗೋ ಹೋಗ್ತೀನಿ". ಕರೆದವರ ಹತ್ತಿರ ಹೋಗುವಾಗ ಸ್ಪ್ಯಾನಿಷ್‌ನವರು "ಹೋಗ್ತೀನಿ" ಅಂತಲೇ ಹೇಳೋದು.

ಅವತ್ತಿನಿಂದ ನಾನು ಒಂದು ನೋಟ್‌ಬುಕ್ ಇಟ್ಟೆ. ಎರಡು ಕ್ರಿಯಾಪದ ಒಟ್ಟಿಗೆ ಬಾಯಿಗೆ ಬಂದು ಯಾವುದನ್ನು ಹೇಳೋದು ಅಂತ ನಿಂತುಬಿಟ್ಟ ಕಡೆಯೆಲ್ಲ ಬರೆದುಕೊಂಡೆ. ಈಗ ಬೆಂಗಳೂರು, ಮೈಸೂರಿನ ಕೆಲವು ಗೆಳತಿಯರಿಗೆ ವಾರಕ್ಕೊಮ್ಮೆ ಆನ್‌ಲೈನ್‌ನಲ್ಲಿ ಸ್ಪ್ಯಾನಿಷ್ ಹೇಳಿಕೊಡುತ್ತೇನೆ. ಅಲ್ಲಿಗೂ ಇಲ್ಲಿಗೂ ಹನ್ನೊಂದೂವರೆ ಗಂಟೆ ವ್ಯತ್ಯಾಸ, ಅವರ ಸಂಜೆ ನನ್ನ ಬೆಳಗ್ಗೆ. ಅವರೂ ಅದೇ ಜಾಗಗಳಲ್ಲಿ ನಿಲ್ಲುತ್ತಾರೆ. ಕಾರಣ ಒಂದೇ: ನಮಗೆ ಸಿಗುವ ಪುಸ್ತಕ, ಆ್ಯಪ್ ಹೆಚ್ಚಾಗಿ ಇಂಗ್ಲಿಷ್ ಮೂಲಕ ಕಲಿಸುತ್ತವೆ. ನಾವು ಕನ್ನಡದಲ್ಲಿ ಯೋಚಿಸಿ, ಅದನ್ನು ಇಂಗ್ಲಿಷ್ ಮಾಡಿ, ಆಮೇಲೆ ಸ್ಪ್ಯಾನಿಷ್‌ಗೆ ಹೋಗುತ್ತೇವೆ. ಆ ನಡುವಿನ ಮೆಟ್ಟಿಲು ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಸ್ಪ್ಯಾನಿಷ್ ಕ್ರಿಯಾಪದದ ಎಷ್ಟೋ ಕಷ್ಟಗಳಿಗೆ ಉತ್ತರ ಕನ್ನಡದಲ್ಲೇ ಇದೆ. ಕನ್ನಡವೇ ಮೋಸ ಮಾಡುವ ಜಾಗಗಳೂ ಇವೆ, ಅವನ್ನೂ ಹೇಳುತ್ತೇನೆ.

ಓದುವ ಮುಂಚೆ ಒಂದು ಮಾತು. ನಾನು ಬರೆದ ತ, ದ ಎರಡನ್ನೂ ನಮ್ಮ ತಂದೆ, ದನ ಪದಗಳಲ್ಲಿ ಇರೋ ಹಾಗೇ ಹೇಳಿ, ಟ ಡ ಮಾಡಬೇಡಿ. ಮಗ್ಗಿಯ ಹಾಗೆ ಕಲಿತು ಎಲ್ಲೂ ಬಳಸದ ಞ ಇಲ್ಲಿ ದಿನಾ ಬೇಕು. ಪದದ ಕೊನೆಯಲ್ಲಿ ದೀರ್ಘ ಓ, ಏ, ಈ ಕಂಡರೆ ಒತ್ತು ಅಲ್ಲಿ ಬೀಳಲಿ. ಇದು ಸಣ್ಣ ವಿಷಯ ಅಲ್ಲ: "ಆಬ್ಲೊ" ಅಂದರೆ ನಾನು ಮಾತಾಡ್ತೀನಿ, "ಆಬ್ಲೋ" ಅಂದರೆ ಅವನು ಮಾತಾಡಿದ. ನಾನು ಬರೆಯುತ್ತಿರೋದು ಮೆಕ್ಸಿಕೊದ ಉಚ್ಚಾರ. ಸ್ಪೇನ್‌ನ ಬಹಳಷ್ಟು ಕಡೆ ಕೆಲವು "ಸ"ಗಳನ್ನು ನಾಲಿಗೆ ಹಲ್ಲಿನ ನಡುವೆ ಇಟ್ಟು ಹೇಳುತ್ತಾರೆ.

ಬೊಯ್ ಅಥವಾ ಬೆಂಗೊ, ಯೆಬೊ ಅಥವಾ ತ್ರಾಯ್ಗೊ

ಗ್ಯಾಸ್ ಕತೆಯನ್ನೇ ಮೊದಲು ಮುಗಿಸುತ್ತೇನೆ. ಕನ್ನಡದಲ್ಲಿ ಎದುರಿನವರ ಕಡೆಗೆ ಹೋಗೋದೂ "ಬರೋದೇ". "ಸಂಜೆ ನಿಮ್ಮ ಮನೆಗೆ ಬರ್ತೀನಿ" ಅನ್ನುತ್ತೇವೆ. ಸ್ಪ್ಯಾನಿಷ್‌ನಲ್ಲಿ ಈ ಕ್ಷಣ ನೀವು ನಿಂತಿರುವ ಜಾಗವೇ ಲೆಕ್ಕ. ಆ ಜಾಗ ಬಿಟ್ಟು ಬೇರೆ ಕಡೆ ಹೋದರೆ ಬೊಯ್. ನೀವಿರುವ ಜಾಗಕ್ಕೆ ಯಾರಾದರೂ ಬಂದರೆ, ಅಥವಾ ನೀವೇ ವಾಪಸ್ ಬಂದರೆ, ಆಗ ಬೆಂಗೊ, ಬಿಯೆನೆ. ಆದ್ದರಿಂದ ಗೆಳತಿ ಫೋನ್‌ನಲ್ಲಿ "ಬಿಯೆನೆಸ್?" ಅಂದರೆ, ಅಂದರೆ ಬರ್ತೀಯಾ ಅಂತ ಕೇಳಿದರೆ, ಉತ್ತರ "ಸೀ, ಬೊಯ್". ಅವಳು "ಬಾ" ಅಂತ ಕರೆದಿದ್ದಾಳೆ, ನೀವು "ಹೋಗ್ತೀನಿ" ಅನ್ನುತ್ತೀರಿ. ಮೊದಮೊದಲು ಕಿವಿಗೆ ಒರಟು ಅನ್ನಿಸುತ್ತದೆ. ಯಾರೂ ತಪ್ಪು ತಿಳಿಯಲ್ಲ.

ಮನೆಯಿಂದ ಹೊರಡುವಾಗ ನಾವು "ಬರ್ತೀನಿ" ಅನ್ನುತ್ತೇವಲ್ಲ, "ಹೋಗ್ತೀನಿ" ಅಂದರೆ ಅಮ್ಮ ಬೈಯುತ್ತಾರಲ್ಲ, ಆ ಬರ್ತೀನಿಗೆ ಮಾತ್ರ ಆಒರಿತಾ ಬೆಂಗೊ ಸರಿಯಾಗಿ ಕೂರುತ್ತದೆ, ಅದೂ ಬೇಗ ವಾಪಸ್ ಬರೋದಿದ್ದರೆ. ರಾತ್ರಿ ಊಟ ಮುಗಿಸಿ ಸ್ನೇಹಿತರ ಮನೆಯಿಂದ ಹೊರಡುವಾಗ "ಯಾ ಮೆ ಬೊಯ್" ಅನ್ನಬೇಕು.

ತರೋದು, ಒಯ್ಯೋದು ಕೂಡ ಇದೇ ಲೆಕ್ಕ. "ನಿನ್ನ ಪುಸ್ತಕ ನಾಳೆ ತರ್ತೀನಿ" ಅಂತ ಫೋನ್‌ನಲ್ಲಿ ಹೇಳೋದಾದರೆ "ಮಞಾನಾ ತೆ ಲೊ ಯೆಬೊ". ಅದು ಒಯ್ಯುವ ಕ್ರಿಯಾಪದ. ತ್ರಾಯ್ಗೊ ಅನ್ನೋದು ನೀವಿರುವ ಕಡೆಗೆ ತರುವುದಕ್ಕೆ. ಹೋಟೆಲ್‌ನಲ್ಲಿ ಬಿಲ್ ತರಿಸಲು "ಮೆ ತ್ರಾಎ ಲಾ ಕುಯೆಂತಾ?", ಪಾರ್ಸೆಲ್ ಬೇಕಿದ್ದರೆ "ಪಾರಾ ಯೆಬಾರ್". ಈ ಎರಡು ವಾಕ್ಯ ದಿನಾ ಬಳಸಿದರೆ ವ್ಯತ್ಯಾಸ ತಾನಾಗಿ ನಾಲಿಗೆಗೆ ಬರುತ್ತದೆ.

"ನನಗೆ" ಅಂತ ಶುರುವಾಗುವ ವಾಕ್ಯಗಳು

ಇಲ್ಲಿ ಸ್ವಲ್ಪ ನಿಲ್ಲೋಣ. ಕನ್ನಡದವರಿಗೆ ಅತಿ ದೊಡ್ಡ ಲಾಭವೂ, ಅತಿ ದೊಡ್ಡ ಗೊಂದಲವೂ ಇರೋದು ಇಲ್ಲೇ.

ಇಂಗ್ಲಿಷ್ ಮಾತಾಡುವವರಿಗೆ "ಮೆ ಗುಸ್ತಾ" ಕಲಿಸೋಕೆ ಪುಸ್ತಕಗಳು ಪುಟಗಟ್ಟಲೆ ಬರೆಯುತ್ತವೆ. ನಮಗೆ ಒಂದು ಸಾಲು ಸಾಕು. ನನಗೆ ಕಾಫಿ ಇಷ್ಟ: ಮೆ ಗುಸ್ತಾ ಎಲ್ ಕಾಫೇ. "ಮೆ" ಅಂದರೆ ನನಗೆ. "ತೆ" ಅಂದರೆ ನಿನಗೆ, "ಲೆ" ಅಂದರೆ ಅವನಿಗೆ, ಅವಳಿಗೆ, ನಿಮಗೆ. ಇಷ್ಟಪಡುವ ನಾನು ವಾಕ್ಯದ ಯಜಮಾನ ಅಲ್ಲ, ಕಾಫಿ ಯಜಮಾನ. ಹಾಗಾಗಿ ಮಾವಿನಹಣ್ಣುಗಳು ಅಂತ ಹೆಚ್ಚಾದರೆ ಕ್ರಿಯಾಪದವೂ ಹೆಚ್ಚಾಗುತ್ತದೆ: ಮೆ ಗುಸ್ತಾನ್ ಲೊಸ್ ಮಾಂಗೊಸ್. ನನಗೆ ತಲೆ ನೋಯ್ತಿದೆ ಅನ್ನೋದು ಮೆ ದುಯೆಲೆ ಲಾ ಕಬೆಸಾ. ಇಲ್ಲಿಯೂ ನನಗೆ.

ಹಾಗಂತ ಕನ್ನಡದ ಪ್ರತಿ "ನನಗೆ"ಯನ್ನೂ "ಮೆ" ಮಾಡಬೇಡಿ. ನನ್ನ ಗೆಳತಿಯರ ತಪ್ಪುಗಳಲ್ಲಿ ಜಾಸ್ತಿ ಇರೋದು ಇದೇ. ನನಗೆ ಹಸಿವಾಗಿದೆ, ನನಗೆ ನಿದ್ದೆ ಬರ್ತಿದೆ, ನನಗೆ ಚಳಿ, ನನಗೆ ಭಯ, ನನಗೆ ಇಬ್ಬರು ಮಕ್ಕಳು, ನನಗೆ 32 ವರ್ಷ. ಕನ್ನಡದಲ್ಲಿ ಎಲ್ಲಕ್ಕೂ ನನಗೆ. ಸ್ಪ್ಯಾನಿಷ್‌ನಲ್ಲಿ ಇವೆಲ್ಲ ನನ್ನ ಹತ್ತಿರ ಇರುವ ವಸ್ತುಗಳ ಹಾಗೆ: ತೆಂಗೊ ಆಂಬ್ರೆ, ತೆಂಗೊ ಸುಯೆಞೊ, ತೆಂಗೊ ಫ್ರೀಯೊ, ತೆಂಗೊ ಮಿಯೆದೊ, ತೆಂಗೊ ದೊಸ್ ಇಹೊಸ್, ತೆಂಗೊ ತ್ರೆಯಿಂತಾ ಇ ದೊಸ್ ಆಞೊಸ್. ಹಸಿವು ಇಟ್ಟುಕೊಂಡಿದ್ದೀನಿ, ವಯಸ್ಸು ಇಟ್ಟುಕೊಂಡಿದ್ದೀನಿ ಅಂದ ಹಾಗೆ. ಸೆಖೆಗೆ ತೆಂಗೊ ಕಲೊರ್ ಅನ್ನಿ. "ಎಸ್ತೊಯ್ ಕಾಲಿಯೆಂತೆ" ಅಂತ ಮಾತ್ರ ಹೇಳಬೇಡಿ, ಅದಕ್ಕೆ ಅಶ್ಲೀಲ ಅರ್ಥ ಇದೆ.

ಹೇಗೆ ಆರಿಸೋದು? ನಾನು ಹೇಳಿಕೊಡೋದು ಹೀಗೆ. ಹೊರಗಿನ ಒಂದು ವಸ್ತು ಅಥವಾ ನಿಮ್ಮದೇ ಒಂದು ಅಂಗ ನಿಮಗೆ ಏನೋ ಮಾಡುತ್ತಿದ್ದರೆ "ಮೆ". ಕಾಫಿ ಹಿಡಿಸುತ್ತದೆ, ತಲೆ ನೋಯುತ್ತದೆ, ಚಪ್ಪಲಿ ಸರಿಹೋಗುತ್ತದೆ. ನಿಮ್ಮ ಒಳಗೇ ಇರುವ ಸ್ಥಿತಿಗೆ ಒಂದು ಹೆಸರಿದ್ದರೆ, ಹಸಿವು, ಬಾಯಾರಿಕೆ, ನಿದ್ದೆ, ಚಳಿ, ಅವಸರ, ಕೆಮ್ಮು, ಆಗ "ತೆಂಗೊ".

ಮೂರನೆಯದು "ನನಗೆ ಗೊತ್ತು". ಇದಕ್ಕೆ ನನಗೆಯೂ ಇಲ್ಲ, ತೆಂಗೊವೂ ಇಲ್ಲ, ನೇರವಾಗಿ ನಾನು. ಅದರಲ್ಲೂ ಎರಡು ದಾರಿ. ವಿಷಯ ಗೊತ್ತಿದ್ದರೆ "ಸೇ". ಜನ, ಊರು, ಹೋಟೆಲ್ ಗೊತ್ತಿದ್ದರೆ, ಅಂದರೆ ಪರಿಚಯ ಇದ್ದರೆ, "ಕೊನೊಸ್ಕೊ". "ಗೊತ್ತು" ತೆಗೆದು "ಪರಿಚಯ" ಹಾಕಿ ನೋಡಿ, ಅಥವಾ ಊರಾದರೆ "ಹೋಗಿ ನೋಡಿದ್ದೀನಿ" ಅಂತ ಹಾಕಿ ನೋಡಿ. ಅರ್ಥ ಉಳಿದರೆ ಕೊನೊಸ್ಕೊ. "ಕೊನೊಸೆಸ್ ವಾಹಾಕಾ?" ಅಂತ ಯಾರಾದರೂ ಕೇಳಿದರೆ ವಾಹಾಕಾ ಊರಿಗೆ ಹೋಗಿದ್ದೀಯಾ ಅಂತ ಕೇಳುತ್ತಿದ್ದಾರೆ. ಭೂಪಟದಲ್ಲಿ ನೋಡಿದ್ದಕ್ಕೆ ಹೌದು ಅನ್ನಬೇಡಿ. ಈಜು ಬರುತ್ತೆ, ಅಡುಗೆ ಬರುತ್ತೆ ಅನ್ನುವ "ಬರುತ್ತೆ" ಕೂಡ ಸೇ: ಸೇ ನಾದಾರ್, ಸೇ ಕೊಸಿನಾರ್. ಈಜು ಬರುತ್ತೆ, ಆದರೆ ಇವತ್ತು ಜ್ವರ, ಆಗಲ್ಲ ಅನ್ನೋ "ಆಗಲ್ಲ" ಬೇರೆ: ನೊ ಪುಯೆದೊ. ಬರುತ್ತೆ, ಆಗುತ್ತೆ ಅಂತ ಕನ್ನಡ ಎಷ್ಟು ಚೆನ್ನಾಗಿ ಬೇರೆ ಮಾಡಿಕೊಟ್ಟಿದೆ ನೋಡಿ!

ಇನ್ನೊಂದು "ನನಗೆ" ನನಗೆ ತುಂಬ ಪ್ರೀತಿಯದು. ಕೀ ಮನೆಯಲ್ಲೇ ಮರೆತುಬಂದಿರಿ. "ಓಲ್ಬಿದೇ" ಅಂದರೆ ನಾನು ಮರೆತೆ. ತಪ್ಪಿಲ್ಲ, ಆದರೆ ಇಲ್ಲಿ ಜನ ಹೆಚ್ಚಾಗಿ ಹೇಳೋದು "ಸೆ ಮೆ ಓಲ್ಬಿದೋ". ಅಂದರೆ ನನಗೆ ಮರೆತುಹೋಯಿತು! ಲೋಟ ಒಡೆದರೆ "ಸೆ ಮೆ ರೊಂಪಿಯೋ", ಒಡೆದುಹೋಯಿತು. ಕೈಯಿಂದ ಬಿದ್ದರೆ "ಸೆ ಮೆ ಕಯೋ", ಬಿದ್ದುಹೋಯಿತು. ಆಫೀಸಿಗೆ ತಡವಾದರೆ "ಸೆ ಮೆ ಇಸೊ ತಾರ್ದೆ", ನನಗೆ ತಡವಾಯಿತು. ಬೇಕಂತ ಮಾಡಿದ್ದಲ್ಲ, ತಾನಾಗಿ ಆಯಿತು ಅನ್ನೋ ಆ ಭಾವನೆ, ನಮ್ಮ "ಹೋಯಿತು" ಹೊತ್ತಿರುವ ಅದೇ ಭಾರ. ಇದನ್ನು ಮುಂದುವರಿದವರ ಪಾಠ ಅಂತ ಪುಸ್ತಕದ ಕೊನೆಗೆ ತಳ್ಳುತ್ತಾರೆ. ಕನ್ನಡದವರು ಮೊದಲ ತಿಂಗಳಲ್ಲೇ ಕಲಿಯಬಹುದು, ಕಲಿಯಲೇಬೇಕು.

ಎಸ್ ಅಥವಾ ಎಸ್ತಾ

ಸೆರ್, ಎಸ್ತಾರ್. ಎರಡೂ "ಇರು". ಸೊಯ್, ಎಸ್ ಅನ್ನೋವು ಸೆರ್ ರೂಪಗಳು, ಎಸ್ತೊಯ್, ಎಸ್ತಾ ಅನ್ನೋವು ಎಸ್ತಾರ್ ರೂಪಗಳು. ಶಾಶ್ವತವಾದದ್ದಕ್ಕೆ ಸೆರ್, ತಾತ್ಕಾಲಿಕಕ್ಕೆ ಎಸ್ತಾರ್ ಅಂತ ಎಲ್ಲ ಕಡೆ ಹೇಳಿಕೊಡುತ್ತಾರೆ. ಆ ಸೂತ್ರ ನಂಬಬೇಡಿ. ಸತ್ತವರಿಗೆ "ಎಸ್ತಾ ಮುಯೆರ್ತೊ" ಅನ್ನುತ್ತಾರೆ, ಸಾವಿಗಿಂತ ಶಾಶ್ವತ ಯಾವುದಿದೆ? ಗಂಟೆಗೆ ಸೆರ್ ಬಳಸುತ್ತಾರೆ, ಗಂಟೆಗಿಂತ ಬೇಗ ಬದಲಾಗೋದು ಯಾವುದು?

ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇದೆ. ವಾಕ್ಯವನ್ನು ಕನ್ನಡದಲ್ಲಿ ಹೇಳಿ. ಕೊನೆಯಲ್ಲಿ ಕ್ರಿಯಾಪದವೇ ಇಲ್ಲದಿದ್ದರೆ ಸೆರ್. "ಇದೆ, ಇದ್ದೀನಿ, ಆಗಿದೆ" ಬಂದರೆ ಎಸ್ತಾರ್. ನಾನು ಇಂಜಿನಿಯರ್: ಸೊಯ್ ಇಂಹೆನಿಯೆರಾ. ನಾನು ಮೈಸೂರಿನವಳು: ಸೊಯ್ ದೆ ಮೈಸೂರು. ಇವತ್ತು ಸೋಮವಾರ, ಗಂಟೆ ಎಷ್ಟು, ಅವನು ಒಳ್ಳೆಯವನು. ಇದರಲ್ಲಿ ಎಲ್ಲೂ "ಇದೆ" ಇಲ್ಲ, ಎಲ್ಲವೂ ಸೆರ್. ನಾನು ಮನೆಯಲ್ಲಿದ್ದೀನಿ: ಎಸ್ತೊಯ್ ಎನ್ ಕಾಸಾ. ಕಾಫಿ ಬಿಸಿಯಾಗಿದೆ: ಎಲ್ ಕಾಫೇ ಎಸ್ತಾ ಕಾಲಿಯೆಂತೆ. ಅಂಗಡಿ ಮುಚ್ಚಿದೆ: ಎಸ್ತಾ ಸೆರ್ರಾದೊ. ಸುಸ್ತಾಗಿದೆ: ಎಸ್ತೊಯ್ ಕನ್ಸಾದಾ, ಗಂಡಸರಾದರೆ ಕನ್ಸಾದೊ.

ಈ ಪರೀಕ್ಷೆ ಎಷ್ಟು ದೂರ ಬರುತ್ತದೆ ಅಂತ ಗೊತ್ತಾದ ದಿನ ನನಗೆ ಖುಷಿಯಾಗಿ ಅಮ್ಮನಿಗೆ ಫೋನ್ ಮಾಡಿದ್ದೆ. ಮದುವೆ ಎಲ್ಲಿ? ಚೌಲ್ಟ್ರಿ ಎಲ್ಲಿದೆ? ಮೊದಲನೆಯದಕ್ಕೆ "ಇದೆ" ಇಲ್ಲದೆ ಕೇಳಿದರೂ ಸರಿ, ಎರಡನೆಯದಕ್ಕೆ ಬೇಕು. ಸ್ಪ್ಯಾನಿಷ್‌ನಲ್ಲೂ ಕಾರ್ಯಕ್ರಮ ನಡೆಯುವ ಜಾಗಕ್ಕೆ ಸೆರ್, ಕಟ್ಟಡ ಇರುವ ಜಾಗಕ್ಕೆ ಎಸ್ತಾರ್: ದೊಂದೆ ಎಸ್ ಲಾ ಬೊದಾ? ದೊಂದೆ ಎಸ್ತಾ ಎಲ್ ಸಲೋನ್? ಜಾಗ ಅಂದಕೂಡಲೇ ಎಸ್ತಾರ್ ಅಂತ ಕಲಿತವರು ಎಡವೋದು ಈ ಮದುವೆಯಲ್ಲೇ.

ಪರೀಕ್ಷೆ ಕೈಕೊಡುವ ಕಡೆ ಹೇಳಲೇಬೇಕು. "ಮನೆ ದೊಡ್ಡದಾಗಿದೆ", "ಅವಳು ಎತ್ತರ ಇದ್ದಾಳೆ" ಅಂತಲೂ ನಾವು ಹೇಳುತ್ತೇವೆ, ಆದರೆ ಸ್ಪ್ಯಾನಿಷ್‌ಗೆ ಎಸ್ ಗ್ರಾಂದೆ, ಎಸ್ ಆಲ್ತಾ ಬೇಕು. ಹೀಗಾದಾಗ ಗುಣವನ್ನು "ದೊಡ್ಡದು, ಎತ್ತರದವಳು" ಅಂತ ತಿರುಗಿಸಿ ನೋಡಿ. ಸಹಜವಾಗಿ ಕೇಳಿದರೆ ಸೆರ್. ಕೆಲವು ಪದಗಳಿಗೆ ಎರಡೂ ಹೊಂದುತ್ತವೆ, ಅರ್ಥ ಬದಲಾಗುತ್ತದೆ: ಎಸ್ ಲಿಸ್ತಾ ಅಂದರೆ ಜಾಣೆ, ಎಸ್ತಾ ಲಿಸ್ತಾ ಅಂದರೆ ರೆಡಿಯಾಗಿದ್ದಾಳೆ. ಮಾವಿನಹಣ್ಣಿಗೆ ಎಸ್ತಾ ಬೆರ್ದೆ ಅಂದರೆ ಇನ್ನೂ ಕಾಯಿ.

ಇದೆಲ್ಲ ಒಟ್ಟಿಗೆ ಸಿಗೋದು ತಿಯಾಂಗಿಸ್‌ನಲ್ಲಿ. ವಾರಕ್ಕೊಂದು ದಿನ ಬೀದಿಯಲ್ಲಿ ಸೇರುವ ನಮ್ಮ ಸಂತೆಯಂಥದ್ದು, ಪದ ಮೆಕ್ಸಿಕೊದ ಮೂಲನಿವಾಸಿಗಳ ನಾವಾತ್ಲ್ ಭಾಷೆಯಿಂದ ಬಂದದ್ದು. ನಮ್ಮ ಬೀದಿಯ ತರಕಾರಿಯಮ್ಮ ನೀಲಿ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಟೊಮ್ಯಾಟೊ ಪೇರಿಸಿಟ್ಟು, ಮೇಲಿನ ಒಂದನ್ನು ಏಪ್ರನ್‌ಗೆ ಒರೆಸಿ ಹೊಳೆಯೋ ಹಾಗೆ ಇಡುತ್ತಾರೆ. ಅವರನ್ನು "ಆ ಕೋಮೊ ಎಸ್ತಾ ಎಲ್ ಹಿತೊಮಾತೆ?" ಅಂತ ಕೇಳಬೇಕು. ಕೋಮೊ ಅಂದರೆ ಹೇಗೆ. ಟೊಮ್ಯಾಟೊ ಹೆಂಗೆ ಕೆಜಿ? ಅದೇ ಪ್ರಶ್ನೆ! ದಿನದಿನ ಏರಿಳಿಯುವ ದರ, ಅದಕ್ಕೆ ಎಸ್ತಾ. ಎಲ್ಲ ತೂಗಿ ಚೀಲಕ್ಕೆ ಹಾಕಿದ ಮೇಲೆ "ಕ್ವಾಂತೊ ಎಸ್?" ಒಟ್ಟು ಎಷ್ಟು? ಕನ್ನಡದಲ್ಲಿ ಕ್ರಿಯಾಪದ ಇಲ್ಲ, ಅಲ್ಲಿ ಸೆರ್. ಒಂದೇ ಅಂಗಡಿಯ ಮುಂದೆ ಎರಡು ನಿಮಿಷದಲ್ಲಿ ಎರಡೂ ಅಭ್ಯಾಸ ಆಗುತ್ತದೆ.

ಇನ್ನೊಂದು "ಇದೆ"ಯೂ ಇದೆ: ಆಯ್. ಹಾಲು ಇದೆಯಾ, ಇಲ್ಲವಾ ಅಂತ ಕೇಳೋದು "ಆಯ್ ಲೆಚೆ?" ಆ ಹಾಲು ಎಲ್ಲಿದೆ ಅನ್ನೋದು "ದೊಂದೆ ಎಸ್ತಾ ಲಾ ಲೆಚೆ?" ಇದೆಯೋ ಇಲ್ಲವೋ ಅನ್ನೋ ಅನುಮಾನಕ್ಕೆ ಆಯ್, ಇರೋದು ಗೊತ್ತಿದ್ದು ಜಾಗ ಕೇಳೋಕೆ ಎಸ್ತಾ. ಜೊತೆಗೆ, ಯಾರು ಅಂತ ಹೇಳದೆ "ಇಲ್ಲಿ ಸಹಿ ಹಾಕಬೇಕು" ಅನ್ನುತ್ತೇವಲ್ಲ, ಅದು "ಆಯ್ ಕೆ ಫಿರ್ಮಾರ್ ಆಕೀ". ನಾನೇ ಹಾಕಬೇಕು ಅಂತಾದರೆ "ತೆಂಗೊ ಕೆ ಫಿರ್ಮಾರ್".

ಹೋದೆ, ಹೋಗ್ತಿದ್ದೆ

ಸ್ಪ್ಯಾನಿಷ್‌ನ ಎರಡು ಭೂತಕಾಲ ಅಂದರೆ ಎಲ್ಲರೂ ಹೆದರುತ್ತಾರೆ. ನೀವು ಹೆದರಬೇಡಿ, ದಯವಿಟ್ಟು. ಫುಯ್ ಅಂದರೆ ಹೋದೆ. ಈಬಾ ಅಂದರೆ ಹೋಗ್ತಿದ್ದೆ. ಚಿಕ್ಕಂದಿನಲ್ಲಿ ದಿನಾ ಹೋಗ್ತಿದ್ದೆ ಅನ್ನೋದಕ್ಕೂ ಈಬಾ, ನಿನ್ನೆ ದಾರಿಯಲ್ಲಿ ಹೋಗ್ತಿದ್ದೆ, ಆಗ ಮಳೆ ಬಂತು ಅನ್ನೋದಕ್ಕೂ ಈಬಾ. ಇಂಗ್ಲಿಷ್‌ನಲ್ಲಿ ಇವೆರಡಕ್ಕೆ ಬೇರೆ ಬೇರೆ ರೂಪ ಹುಡುಕಬೇಕು, ಕನ್ನಡದಲ್ಲಿ ಒಂದೇ ಸಾಕು, ಸ್ಪ್ಯಾನಿಷ್‌ನಲ್ಲೂ ಒಂದೇ.

ಇನ್ನೂ ಸೊಗಸಾದ್ದು ಇದು. ಗೊತ್ತಿತ್ತು: ಸಬೀಯಾ. ಗೊತ್ತಾಯಿತು: ಸುಪೆ. ಅವರ ಪರಿಚಯ ಇತ್ತು: ಕೊನೊಸೀಯಾ. ಪರಿಚಯ ಆಯಿತು: ಕೊನೊಸೀ. ಒಂದೇ ಕ್ರಿಯಾಪದ, ಕಾಲ ಬದಲಾದರೆ ಅರ್ಥವೇ ಬದಲಾಗುತ್ತದೆ ಅಂತ ಇದನ್ನು ವಿಶೇಷ ಪಟ್ಟಿ ಮಾಡಿ ಬಾಯಿಪಾಠ ಮಾಡಿಸುತ್ತಾರೆ. ನಾವು ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ. "ಇತ್ತು" ಬಂದರೆ ಈಬಾ ಗುಂಪು, "ಆಯಿತು" ಬಂದರೆ ಫುಯ್ ಗುಂಪು.

ಒಂದು ಕಡೆ ಮಾತ್ರ ಹುಷಾರು. "ಎರಡು ವರ್ಷ ಪುಣೆಯಲ್ಲಿದ್ದೆ" ಅಂತ ಮುಗಿದ ಅವಧಿಯನ್ನು ಎಣಿಸಿ ಹೇಳಿದರೆ, ಇದ್ದೆ ಅಂತ ಕೇಳಿಸಿದರೂ ಫುಯ್ ಗುಂಪೇ: ಬಿಬೀ ದೊಸ್ ಆಞೊಸ್ ಎನ್ ಪುಣೆ. ಆ ಅವಧಿ ಇನ್ನೂ ಮುಗಿದಿಲ್ಲ, ಎರಡು ವರ್ಷದಿಂದ ಇಲ್ಲೇ ಇದ್ದೀನಿ ಅಂತಾದರೆ ಭೂತಕಾಲವೇ ಬೇಡ: ಯೆಬೊ ದೊಸ್ ಆಞೊಸ್ ಆಕೀ. ಒಯ್ಯೋ ಯೆಬೊನೇ ಇಲ್ಲಿ ವರ್ಷಗಳನ್ನು ಹೊತ್ತುಕೊಂಡು ಬಂದಿದೆ.

ಕಲಿಯುವ ಶ್ರಮ ನೋಡಿದರೆ ಈಬಾ ಗುಂಪು ಸುಲಭ. ಸೆರ್, ಇರ್ (ಹೋಗು), ಬೆರ್ (ನೋಡು) ಮೂರು ಬಿಟ್ಟರೆ ಸ್ಪ್ಯಾನಿಷ್‌ನ ಎಲ್ಲ ಕ್ರಿಯಾಪದಗಳೂ ಅಲ್ಲಿ ಶಿಸ್ತಾಗಿ ನಡೆಯುತ್ತವೆ. ಫುಯ್ ಗುಂಪಿನಲ್ಲಿ ವಕ್ರವಾದವು ಬಹಳ, ಮತ್ತು ದಿನಾ ಬೇಕಾಗುವವೇ ವಕ್ರ. ಆದರೂ ಮೊದಲು ಫುಯ್ ಗುಂಪನ್ನೇ ಕಲಿಯಿರಿ ಅನ್ನುತ್ತೇನೆ. ನಿನ್ನೆ ಏನಾಯಿತು ಅಂತ ಹೇಳಲು ಬಂದರೆ ಮಾತು ನಡೆಯುತ್ತದೆ. ಮಳೆ ಬರ್ತಿತ್ತು, ಕತ್ತಲಾಗಿತ್ತು ಅನ್ನೋ ಹಿನ್ನೆಲೆ ಆಮೇಲೆ ಸೇರಿಸಬಹುದು.

"ಊಟ ಆಯ್ತಾ?" ಇಲ್ಲಿ ದೇಶ ನೋಡಿ ಆರಿಸಬೇಕು. ಮೆಕ್ಸಿಕೊದಲ್ಲಿ "ಯಾ ಕೊಮಿಸ್ತೆ?", ಉತ್ತರ "ಸೀ, ಯಾ ಕೊಮೀ". ಮ್ಯಾಡ್ರಿಡ್‌ನಲ್ಲಿ "ಆಸ್ ಕೊಮಿದೊ?" ಅಂತ ಎರಡು ಪದದ ರೂಪ ಜಾಸ್ತಿ, ಇವತ್ತು ನಡೆದದ್ದಕ್ಕೆಲ್ಲ ಅವರಿಗೆ ಅದೇ. ಮೆಕ್ಸಿಕೊದವರ ಜೊತೆ ಮಾತಾಡುವವರು ಸಣ್ಣ ರೂಪದಿಂದಲೇ ಶುರು ಮಾಡಿ. ಎರಡು ಪದದ ರೂಪ ಇಲ್ಲಿಯೂ ಬೇಕಾಗೋದು "ಇನ್ನೂ ಇಲ್ಲ" ಅನ್ನುವಾಗ. ಅವನು ಬಂದಿಲ್ಲ: ನೊ ಆ ಯೆಗಾದೊ. ಅವನು ಬರಲಿಲ್ಲ: ನೊ ಯೆಗೋ. ಬಂದಿಲ್ಲ ಅಂದರೆ ಇನ್ನೂ ಕಾಯ್ತಾ ಇದ್ದೀವಿ, ಬರಲಿಲ್ಲ ಅಂದರೆ ಕಾದಿದ್ದು ಮುಗಿಯಿತು. ಇಲ್ಲಿ ಕನ್ನಡಕ್ಕೂ ಸ್ಪ್ಯಾನಿಷ್‌ಗೂ ಒಂದು ಕೂದಲೆಳೆಯೂ ವ್ಯತ್ಯಾಸ ಇಲ್ಲ.

ನಾಳೆಯ ಮಾತು

ಇದು ಬೇಗ ಮುಗಿಯುತ್ತದೆ. ಕನ್ನಡದಲ್ಲಿ "ನಾಳೆ ಫೋನ್ ಮಾಡ್ತೀನಿ" ಅಂತ ವರ್ತಮಾನದಲ್ಲೇ ಹೇಳುತ್ತೇವೆ. ಸ್ಪ್ಯಾನಿಷ್‌ನಲ್ಲೂ ಆಗುತ್ತದೆ: ಮಞಾನಾ ತೆ ಯಾಮೊ. ಅಂದುಕೊಂಡಿರುವ ಕೆಲಸಕ್ಕೆ ಬೊಯ್ ಆ ಹಚ್ಚಿ: ಬೊಯ್ ಆ ಕೊಂಪ್ರಾರ್, ತಗೊಳ್ತೀನಿ. ಈ ಎರಡರಲ್ಲೇ ವರ್ಷ ಕಳೆಯಬಹುದು. ಪುಸ್ತಕದಲ್ಲಿರುವ ಮೂರನೇ ಭವಿಷ್ಯತ್ ರೂಪವನ್ನು ಕಿವಿಗೆ ಬಿಡಿ, ಬಾಯಿಗೆ ಬೇಡ. ಅದು ಮಾತಿನಲ್ಲಿ ಜಾಸ್ತಿ ಬರೋದು ಊಹೆಗೆ: ಎಸ್ತರಾ ಎನ್ ಕಾಸಾ, ಮನೇಲಿರ್ತಾನೆ ಬಿಡು.

ಇನ್ನು ಭಾರತದವರು ಎಲ್ಲದಕ್ಕೂ "ಮಾಡ್ತಾ ಇದ್ದೀನಿ" ಹಾಕುತ್ತೇವೆ. ನಾನು ಇಂಥ ಕಡೆ ಕೆಲಸ ಮಾಡ್ತಾ ಇದ್ದೀನಿ, ವಾಸ ಮಾಡ್ತಾ ಇದ್ದೀನಿ. ಅಲ್ಲಿ ಸುಮ್ನೆ ತ್ರಬಾಹೊ, ಬಿಬೊ ಸಾಕು. "ಎಸ್ತೊಯ್ ಕೊಮಿಯೆಂದೊ" ಥರದ್ದು ಈ ಕ್ಷಣ ಬಾಯಲ್ಲಿ ತುತ್ತಿದ್ದಾಗ.

ನೀನು, ನೀವು, ಮತ್ತೆ ಅಂಗಡಿಯ ಮಾತು

ತು ಅಂದರೆ ನೀನು, ಉಸ್ತೆದ್ ಅಂದರೆ ನೀವು. ಯಾವಾಗ ಯಾವುದು ಅಂತ ಕನ್ನಡದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅನುಮಾನ ಬಂದರೆ ಉಸ್ತೆದ್, ಅವರೇ "ತು ಅನ್ನು" ಅನ್ನುವವರೆಗೆ. ನಮಗೆ ಇರುವ ಬಲೆ ಬೇರೆ. ಕನ್ನಡದ ಗೌರವ ಬಹುವಚನದಲ್ಲಿ ಬರುತ್ತದೆ, ಸ್ಪ್ಯಾನಿಷ್‌ನ ಗೌರವ ಏಕವಚನದಲ್ಲಿ. ಉಸ್ತೆದ್‌ಗೆ "ಅವನು, ಅವಳು" ರೂಪದ ಕ್ರಿಯಾಪದ ಹಾಕಬೇಕು: ಉಸ್ತೆದ್ ತಿಯೆನೆ. ನಮ್ಮ ಗುಂಪಿನ ಒಬ್ಬಳು "ನಮ್ಮತ್ತೆ ಬಂದರು" ಅನ್ನೋದಕ್ಕೆ "ಮಿ ಸುಯೆಗ್ರಾ ಯೆಗಾರೊನ್" ಅನ್ನುತ್ತಿದ್ದಳು. ಕೇಳಿದವರಿಗೆ ಅತ್ತೆಯ ಜೊತೆ ಇನ್ನೂ ಯಾರೋ ಬಂದಿದ್ದಾರೆ ಅನ್ನಿಸುತ್ತದೆ. ಯೆಗೋ ಅನ್ನಬೇಕು. ಅತ್ತೆಗೆ "ಬಂದಳು" ಅಂದ ಹಾಗೆ ನಮ್ಮ ಮನಸ್ಸಿಗೆ ಚುಚ್ಚುತ್ತದೆ, ನನಗೂ ಚುಚ್ಚಿದೆ. ಆದರೆ ಅಲ್ಲಿ ಆ ರೂಪದಲ್ಲಿ ಅಗೌರವ ಇಲ್ಲ.

ಬಹುವಚನದ ನೀವು ಮೆಕ್ಸಿಕೊದಲ್ಲಿ ಎಲ್ಲರಿಗೂ ಉಸ್ತೆದೆಸ್. ಸ್ನೇಹಿತರ ಗುಂಪಿಗೆ ಬೊಸೊತ್ರೊಸ್ ಅನ್ನೋದು ಸ್ಪೇನ್‌ನಲ್ಲಿ. ಸ್ಪೇನ್‌ಗೆ ಹೋಗದವರು ಕ್ರಿಯಾಪದ ರೂಪಗಳ ಪಟ್ಟಿಯಲ್ಲಿ ಆ ಸಾಲನ್ನು ಪೆನ್ಸಿಲ್‌ನಿಂದ ಹೊಡೆದುಹಾಕಿ. ನಿಮ್ಮ ಕ್ಲೈಂಟ್ ಬ್ಯೂನಸ್ ಐರಿಸ್‌ನವರಾದರೆ ತು ಬದಲು ಬೊಸ್ ಕೇಳುತ್ತದೆ, "ತಿಯೆನೆಸ್" ಹೋಗಿ "ತೆನೇಸ್" ಆಗುತ್ತದೆ. ನೀವು ತು ಅಂದರೂ ಅವರಿಗೆ ಅರ್ಥವಾಗುತ್ತದೆ.

ಅಂಗಡಿಯಲ್ಲಿ ಕಿಯೆರೊ, ಕಿಸಿಯೆರಾ, ದೆಮೆ, ಮೆ ದಾ ಅಂತ ನಾಲ್ಕು ದಾರಿ. ಬೇಕು, ಬೇಕಿತ್ತು, ಕೊಡಿ, ಕೊಡ್ತೀರಾ. ನನ್ನ ಆಯ್ಕೆ ಕೊನೆಯದು. "ಮೆ ದಾ ಉನ್ ಕೀಲೊ ದೆ ತೊರ್ತಿಯಾಸ್, ಪೊರ್ ಫಬೊರ್?" ಕೇಳಲು ಮೆತ್ತಗಿದೆ, ಮತ್ತು ಆಜ್ಞೆಯ ರೂಪ ಕಲಿಯುವ ಕೆಲಸವೇ ತಪ್ಪುತ್ತದೆ. ಇದೇ ಅಚ್ಚಿನಲ್ಲಿ ಏನು ಬೇಕಾದರೂ ಕೇಳಬಹುದು: "ಮೆ ಕೊಬ್ರಾ?" ದುಡ್ಡು ತಗೊಳ್ತೀರಾ, "ಮೆ ಆಯುದಾ?" ಸಹಾಯ ಮಾಡ್ತೀರಾ. ಕಿಯೆರೊ ತಪ್ಪಲ್ಲ, ಒಂದು ಪೊರ್ ಫಬೊರ್ ಜೊತೆಗಿರಲಿ. ಕಿಸಿಯೆರಾವನ್ನು ಆಸ್ಪತ್ರೆ, ಬ್ಯಾಂಕ್, ಆಫೀಸಿಗೆ ಇಟ್ಟುಕೊಳ್ಳಿ.

ಕೊನೆಯದಾಗಿ ಎಲ್ಲರೂ ಬೆದರಿಸುವ ಸಬ್‌ಜಂಕ್ಟಿವ್, ಅಂದರೆ ಆಸೆ, ಹಾರೈಕೆ, ಅನುಮಾನ ಹೇಳೋಕೆ ಬಳಸುವ ಕ್ರಿಯಾಪದದ ರೂಪ. ಈಗಲೇ ಪಟ್ಟಿ ಕಲಿಯಬೇಡಿ. ಆದರೆ ಅದರ ಒಂದು ಮೂಲೆ ನಮ್ಮ ಮನೆಯದೇ. ಬರಲಿ, ಆಗಲಿ, ಹೋಗಲಿ ಅನ್ನೋ "ಲಿ" ಇದೆಯಲ್ಲ, ಅದಕ್ಕೆ ಅವರು "ಕೆ" ಹಾಕಿ ಆ ರೂಪ ಬಳಸುತ್ತಾರೆ. ಹೊರಗೆ ಯಾರೋ ಕಾಯ್ತಿದ್ದಾರೆ ಅಂದಾಗ "ಕೆ ಪಾಸೆ", ಒಳಗೆ ಬರಲಿ. ತರಕಾರಿಯಮ್ಮನಿಗೆ ದುಡ್ಡು ಕೊಟ್ಟು ಚೀಲ ಎತ್ತಿಕೊಂಡರೆ ಅವರು ಪ್ರತಿ ವಾರ ತಪ್ಪದೆ ಹೇಳುತ್ತಾರೆ: "ಕೆ ಲೆ ಬಾಯಾ ಬಿಯೆನ್". ನಿಮಗೆ ಒಳ್ಳೆಯದಾಗಲಿ. ಅದಕ್ಕೆ "ಇಗ್ವಾಲ್ಮೆಂತೆ", ನಿಮಗೂ ಅಂತ ಹೇಳಿ ಹೊರಡಿ.